ಉಕ್ಕಿನ ಹೆಸರು, ಕತ್ತಿಯ ಬಾಯಿ

ಕತ್ತಿಯೊಂದನ್ನು ಕೊಳ್ಳಹೊರಟವರು ಈಚೀಚೆಗೆ ಮೊತ್ತಮೊದಲು ಕೇಳುವ ಪ್ರಶ್ನೆ "ಇದು ಯಾವ ಉಕ್ಕು?" ಎಂಬುದು. ಅಂಗಡಿಯವನು ಒಂದೆರಡು ಇಂಗ್ಲಿಷ್ ಅಕ್ಷರಗಳನ್ನೂ ಎರಡು ಮೂರು ಅಂಕೆಗಳನ್ನೂ ಜೋಡಿಸಿ ಒಂದು ಹೆಸರನ್ನು ಹೇಳುತ್ತಾನೆ. ಕೇಳಿದವರು ತಲೆದೂಗಿ ಹಣವನ್ನು ಎಣಿಸಿಕೊಡುತ್ತಾರೆ. ಈ ಸಂವಾದದಿಂದ ಕತ್ತಿಯ ವಿಷಯವಾಗಿ ಹೇಳಿದವನಿಗಾಗಲಿ ಕೇಳಿದವರಿಗಾಗಲಿ ತಿಳಿದುಬಂದುದು ಬಹು ಸ್ವಲ್ಪ. ಆ ಕತ್ತಿ ಚೆನ್ನಾಗಿ ಕೊಯ್ಯುವುದೇ, ಪೆಟ್ಟನ್ನು ತಾಳುವುದೇ, ಬಾಯಿ ಮೊಂಡಾದಾಗ ಮನೆಯ ಮಸೆಗಲ್ಲಿನಿಂದ ಅದನ್ನು ಮತ್ತೆ ಹರಿತಗೊಳಿಸಲು ಬರುವುದೇ ಎಂಬ ಮೂರು ಮಾತುಗಳಲ್ಲಿ ಒಂದಕ್ಕೂ ಆ ಹೆಸರು ಪೂರ್ತಿಯಾದ ಉತ್ತರವನ್ನು ಕೊಡಲಾರದು. ಆದರೂ ನಮ್ಮ ವಿದ್ಯಾವಂತರು, ಅದರಲ್ಲಿಯೂ ಗುಡ್ಡಕಾಡುಗಳನ್ನು ಸುತ್ತುವ ಹವ್ಯಾಸವನ್ನು ಹೊಸದಾಗಿ ಹಿಡಿದಿರುವ ನಮ್ಮ ಉಪಾಧ್ಯಾಯ ಮಿತ್ರರು, ಈ ನಾಮಸ್ಮರಣೆಯಲ್ಲಿಯೇ ಮುಕ್ತಿಯನ್ನು ಕಾಣುತ್ತಿದ್ದಾರೆ. ಅವರೊಡನೆ ಜಗಳವಾಡುವುದೇ ಈ ಬರಹದ ಉದ್ದೇಶ. ಅದನ್ನು ಮುಚ್ಚಿಡಲು ನಾನು ಇಷ್ಟಪಡುವುದಿಲ್ಲ.

ನಾನು ಹೇಳಹೊರಟಿರುವುದು ಮಡಚುವ ಚಾಕುವಿನ ಮಾತಲ್ಲ. ಅಲಗು ಹಿಡಿಯೊಳಗೆ ಸ್ಥಿರವಾಗಿ ನಿಂತಿರುವ, ಒರೆಯಲ್ಲಿಟ್ಟು ಸೊಂಟಕ್ಕೆ ಕಟ್ಟಿಕೊಂಡು ಕಾಡಿಗೋ ತೋಟಕ್ಕೋ ಹೋಗುವ ಕತ್ತಿಯ ಮಾತು. ಮಡಚುವ ಚಾಕುವಿಗೆ ಕೀಲೇ ದೌರ್ಬಲ್ಯ. ಅದರೊಳಗೆ ಮರಳು ಸೇರುತ್ತದೆ, ತೇವ ಸೇರುತ್ತದೆ. ಬಲವಾಗಿ ಒತ್ತಿದಾಗ ಬೆರಳಿನ ಮೇಲೆಯೇ ಮಡಚಿಕೊಳ್ಳಲೂಬಹುದು. ಪೆನ್ಸಿಲ್ ಕೆತ್ತುವುದಕ್ಕೆ ಅದು ಸಾಕು. ಸೌದೆಯನ್ನು ಸೀಳುವುದಕ್ಕೆ, ಬಿದಿರನ್ನು ಸವರುವುದಕ್ಕೆ, ಬಳ್ಳಿಯನ್ನು ಕಡಿದು ದಾರಿ ಬಿಡಿಸುವುದಕ್ಕೆ ಕೀಲಿಲ್ಲದ ಅಲಗೇ ಬೇಕು. ಇಷ್ಟರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಾರದು. (ಇಂತಹ ಕತ್ತಿಯನ್ನು ಮಕ್ಕಳು ಶಾಲೆಯ ಚೀಲದಲ್ಲಿ ತರಬಹುದೆಂದು ನಾನು ಹೇಳಿದೆನೆಂದು ಯಾರೂ ಅಪಾರ್ಥ ಮಾಡಬಾರದು. ಹಿರಿಯರ ಕಣ್ಣಮುಂದೆ, ಕೆಲಸವಿರುವಲ್ಲಿ, ಕೆಲಸವಿರುವಷ್ಟು ಹೊತ್ತು ಮಾತ್ರ ಅದು ಕೈಯಲ್ಲಿರಬೇಕು.)

ನಮ್ಮ ಮಿತ್ರರೊಬ್ಬರು ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರವನ್ನು ಬೋಧಿಸುವವರು. ರಾಣಿಪುರಂ ಗುಡ್ಡವನ್ನು ಏರುವ ಹುಮ್ಮಸ್ಸಿನಲ್ಲಿ ಅವರು ಅಂತರ್ಜಾಲದ ಅಂಗಡಿಯೊಂದರಿಂದ ಕತ್ತಿಯನ್ನು ತರಿಸಿಕೊಂಡರು. ಅಲಗು ಆರು ಮಿಲಿಮೀಟರು ದಪ್ಪ. ಬೆನ್ನಿನ ಮೇಲೆ ಗರಗಸದ ಹಲ್ಲು. ಹಿಡಿ ಟೊಳ್ಳು, ಅದರೊಳಗೆ ಬೆಂಕಿಕಡ್ಡಿ, ಗಾಳ, ನೂಲು. ಹಿಡಿಯ ತುದಿಯಲ್ಲಿ ಒಂದು ದಿಕ್ಸೂಚಿ. 1982ರಲ್ಲಿ ತೆರೆಕಂಡ 'ಫಸ್ಟ್ ಬ್ಲಡ್' ಎಂಬ ಅಮೆರಿಕದ ಚಲನಚಿತ್ರದಲ್ಲಿ ಇಂತಹುದೊಂದು ಕತ್ತಿ ಕಾಣಿಸಿಕೊಂಡಂದಿನಿಂದ ಅದರ ಅಗ್ಗದ ಅನುಕರಣೆಗಳು ಲೋಕವನ್ನೆಲ್ಲ ತುಂಬಿವೆ. ಚಿತ್ರಕ್ಕಾಗಿ ಅದನ್ನು ಮಾಡಿಕೊಟ್ಟ ಅರ್ಕನ್ಸಾಸಿನ ಜಿಮ್ಮಿ ಲೈಲ್ ಕೈಕಸಬಿನಲ್ಲಿ ಪಳಗಿದವನು; ಅನುಕರಣೆ ಮಾಡಿದವರಿಗೆ ಕಸಬೂ ಇರಲಿಲ್ಲ, ಅಳುಕೂ ಇರಲಿಲ್ಲ. ನಮ್ಮ ಮಿತ್ರರ ಕತ್ತಿಯು ಸೌತೆಕಾಯಿಯನ್ನು ಕೊಯ್ಯುವ ಬದಲು ಸೀಳಿತು. ಬಿದಿರಿನ ಮೇಲೆ ಜಾರಿತು. ಎರಡನೆಯ ದಿನ ಹಿಡಿ ಒಂದು ಕಡೆಗೆ, ಅಲಗು ಇನ್ನೊಂದು ಕಡೆಗೆ ಆಯಿತು. ಟೊಳ್ಳಾದ ಹಿಡಿಯೊಳಕ್ಕೆ ಅಲಗಿನ ಬಾಲ ಎರಡು ಬೆರಳಿನಷ್ಟೂ ಹೋಗಿರಲಿಲ್ಲ. ಹಿಡಿಯೊಳಗೆ ಬೆಂಕಿಕಡ್ಡಿಗೆ ಸ್ಥಳವಿದೆಯೆಂದರೆ ಉಕ್ಕಿಗೆ ಸ್ಥಳವಿಲ್ಲವೆಂದೇ ಅರ್ಥವಲ್ಲವೇ?

ಆದರೆ ಅವರನ್ನು ಮರುಳುಮಾಡಿದುದು ದಿಕ್ಸೂಚಿಯಲ್ಲ. ಅಲಗಿನ ಮೇಲೆ ಕೊರೆದಿದ್ದ 440 ಎಂಬ ಅಂಕೆ. 440 ಎಂಬುದು ಒಂದು ಉಕ್ಕಿನ ಹೆಸರಲ್ಲ, ಒಂದು ಕುಟುಂಬದ ಹೆಸರು. ಅದರಲ್ಲಿ ಎ, ಬಿ, ಸಿ ಎಂದು ಮೂವರು ಸೋದರರಿದ್ದಾರೆ. ಎ ಎಂಬುದರಲ್ಲಿ ಇಂಗಾಲವು ಶೇಕಡಾ 0.60ರಿಂದ 0.75ರವರೆಗೆ, ಬಿ ಎಂಬುದರಲ್ಲಿ 0.75ರಿಂದ 0.95ರವರೆಗೆ, ಸಿ ಎಂಬುದರಲ್ಲಿ 0.95ರಿಂದ 1.20ರವರೆಗೆ. ಕ್ರೋಮಿಯಂ ಮಾತ್ರ ಮೂವರಲ್ಲಿಯೂ ಶೇಕಡಾ 16ರಿಂದ 18. ಕತ್ತಿಯ ಬಾಯಿಗೆ ಬೇಕಾದ ಬಿರುಸು ಬರುವುದು ಇಂಗಾಲದಿಂದ. ಆದುದರಿಂದ ಹಿರಿಯಣ್ಣನಿಗೂ ಕಿರಿಯ ತಮ್ಮನಿಗೂ ಬಹಳ ಅಂತರವಿದೆ. ಅಂಕೆಯನ್ನು ಕೊರೆದವನು ಅಕ್ಷರವನ್ನು ಮರೆತುಬಿಟ್ಟನೆಂದು ನಂಬಬೇಕಾದರೆ ನಮ್ಮಲ್ಲಿ ಬಹಳ ಔದಾರ್ಯವಿರಬೇಕು. ರಸಾಯನಶಾಸ್ತ್ರವನ್ನು ಕಲಿಸುವವರೇ ಇದನ್ನು ವಿಚಾರಿಸದಿದ್ದರೆ ಉಳಿದವರ ಪಾಡೇನು?

ಅಕ್ಷರವೂ ಸರಿಯಾಗಿಯೇ ಇತ್ತೆಂದು ಇಟ್ಟುಕೊಳ್ಳೋಣ. ಆಗಲೂ ಪ್ರಶ್ನೆ ತೀರುವುದಿಲ್ಲ. ಏಕೆಂದರೆ ಉಕ್ಕೆಂಬುದು ಹೆಸರಿನಿಂದ ಆಗುವ ಪದಾರ್ಥವಲ್ಲ, ಹದದಿಂದ ಆಗುವ ಪದಾರ್ಥ. ಇದನ್ನು ಮಕ್ಕಳಿಗೆ ತಿಳಿಯಹೇಳಲು ಪ್ರಯೋಗಶಾಲೆ ಬೇಡ, ಅಡುಗೆಮನೆ ಸಾಕು. ಒಂದೇ ಅಚ್ಚು ಬೆಲ್ಲವನ್ನು ಕರಗಿಸಿ ಒಲೆಯ ಮೇಲಿಟ್ಟರೆ ಮೊದಲು ನೀರುಪಾಕ, ಆಮೇಲೆ ಎಳೆಪಾಕ, ಇನ್ನೂ ಕಾದರೆ ಉಂಡೆಪಾಕ. ಮೈಮರೆತರೆ ಹಲ್ಲಿಗೆ ಜಗ್ಗದ ಕಲ್ಲು. ಬೆಲ್ಲ ಅದೇ. ಉಂಡೆ ಕೆಟ್ಟಾಗ "ಬೆಲ್ಲ ಯಾವ ಊರಿನದು?" ಎಂದು ಯಾವ ಗೃಹಿಣಿಯೂ ಕೇಳುವುದಿಲ್ಲ, "ಪಾಕ ತಪ್ಪಿತು" ಎನ್ನುತ್ತಾಳೆ. ಕತ್ತಿಯ ವಿಷಯದಲ್ಲಿ ನಮ್ಮ ಪದವೀಧರರಿಗೆ ಈ ವಿವೇಕ ಏಕಿಲ್ಲವೋ ತಿಳಿಯದು.

ಕಬ್ಬಿಣಕ್ಕೆ ಇಂಗಾಲ ಸೇರಿದರೆ ಉಕ್ಕು. ಶೇಕಡಾ 0.1ರಷ್ಟು ಸೇರಿದರೆ ಮೊಳೆಯನ್ನೂ ತಂತಿಯನ್ನೂ ಮಾಡುವ ಮೆತ್ತನೆಯ ಉಕ್ಕಾಗುವುದು. ಕತ್ತಿಗೆ 0.5ರಿಂದ 1ರವರೆಗೆ ಸಾಮಾನ್ಯವಾಗಿ ಬೇಕು. ಎರಡನ್ನು ದಾಟಿದರೆ ಅದು ಎರಕದ ಕಬ್ಬಿಣ; ಬಡಿದರೆ ಒಡೆಯುವುದು. ಕತ್ತಿಗೆ ತಕ್ಕ ಇಂತಹ ಉಕ್ಕನ್ನು ಸುಮಾರು 800 ಡಿಗ್ರಿ ಸೆಂಟಿಗ್ರೇಡಿನವರೆಗೆ, ಎಂದರೆ ಕೆಂಪಗೆ ಕಾಯಿಸಿದಾಗ ಅದರ ಹರಳುಗಳ ವಿನ್ಯಾಸ ಬದಲಾಗಿ ಇಂಗಾಲವೆಲ್ಲ ಕಬ್ಬಿಣದೊಳಗೆ ಲೀನವಾಗುತ್ತದೆ. ಆ ಸ್ಥಿತಿಯಲ್ಲಿ ಅದು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಕಣ್ಣಿನಿಂದ ಬಣ್ಣವನ್ನು ಅಳೆಯಲಾರದ ಹೊಸಬನಿಗೆ ಇದೊಂದು ಒಳ್ಳೆಯ ಗುರುತು. ಹಾಗೆ ಕಾದ ಅಲಗನ್ನು ಥಟ್ಟನೆ ಎಣ್ಣೆಯಲ್ಲೋ ನೀರಿನಲ್ಲೋ ಅದ್ದಿದರೆ ಇಂಗಾಲಕ್ಕೆ ಹೊರಗೆ ಬರಲು ಸಮಯ ಸಿಗದೆ ಒಳಗೆಯೇ ಸಿಕ್ಕಿಬಿದ್ದು ಉಕ್ಕು ಗಾಜಿನಂತೆ ಬಿರುಸಾಗುವುದು. ಈ ಬಿರುಸಾದ ರೂಪಕ್ಕೆ ಜರ್ಮನಿಯ ಅಡಾಲ್ಫ್ ಮಾರ್ಟೆನ್ಸ್ ಎಂಬ ಲೋಹಶಾಸ್ತ್ರಜ್ಞನ ನೆನಪಿಗಾಗಿ ಮಾರ್ಟೆನ್‌ಸೈಟ್ ಎಂದು ಹೆಸರು. ಈ ಸ್ಥಿತಿಯ ಕತ್ತಿಯನ್ನು ಕಲ್ಲಿನ ಮೇಲೆ ಬೀಳಿಸಿದರೆ ಮುರಿಯಲೂಬಹುದು. ಆದುದರಿಂದ ಅದನ್ನು ಮತ್ತೆ ಮೆಲ್ಲಗೆ, ಸುಮಾರು 200 ಡಿಗ್ರಿಯಷ್ಟಕ್ಕೆ, ಕಾಯಿಸಿ ಅದರ ಪೆಡಸುತನವನ್ನು ಸ್ವಲ್ಪ ಇಳಿಸಬೇಕು. ಉಜ್ಜಿ ಬೆಳ್ಳಗೆ ಮಾಡಿದ ಅಲಗಿನ ಮೇಲೆ ಆಗ ಒಣಹುಲ್ಲಿನ ತಿಳಿ ಹಳದಿ ಮೂಡುತ್ತದೆ. ಇನ್ನೂ ಕಾದರೆ ಕಂದು, ನೇರಳೆ, 300ರ ಸುಮಾರಿಗೆ ನೀಲಿ. ಹುಲ್ಲಿನ ಬಣ್ಣದಲ್ಲಿ ನಿಲ್ಲಿಸಿದರೆ ಬಿರುಸು ಹೆಚ್ಚು, ನೀಲಿಯಲ್ಲಿ ನಿಲ್ಲಿಸಿದರೆ ಬಾಗುವ ಗುಣ ಹೆಚ್ಚು. ಉಷ್ಣಮಾಪಕವಿಲ್ಲದ ಕಾಲದಲ್ಲಿ ನಮ್ಮ ಆಚಾರಿಗಳು ಈ ಬಣ್ಣಗಳನ್ನೇ ಓದಿ ಹದವನ್ನು ತೀರ್ಮಾನಿಸಿದರು.

ಬಿರುಸನ್ನು ಅಳೆಯುವುದಕ್ಕೆ ಅಮೆರಿಕದಲ್ಲಿ ಹ್ಯೂ ರಾಕ್‌ವೆಲ್ ಮತ್ತು ಸ್ಟ್ಯಾನ್ಲಿ ರಾಕ್‌ವೆಲ್ ಎಂಬವರು 1914ರಲ್ಲಿ ಒಂದು ಯಂತ್ರಕ್ಕೆ ಹಕ್ಕುಪತ್ರ ಕೋರಿದರು. ಉಕ್ಕಿಗಾಗಿ ಬಳಸುವ ಅದರ ಸಿ ಮಾನದಲ್ಲಿ ವಜ್ರದ ಮೊನೆಯನ್ನು ಉಕ್ಕಿನೊಳಗೆ ಒತ್ತಿ ಅದು ಎಷ್ಟು ಆಳಕ್ಕೆ ಇಳಿಯಿತೆಂದು ನೋಡಲಾಗುತ್ತದೆ. ಈ ಮಾನದಲ್ಲಿ ಅರ 62ರಿಂದ 65ರಷ್ಟು ಬಿರುಸು. ಸಣ್ಣ ಕೊಯ್ಗತ್ತಿಗೆ 58ರಿಂದ 60 ಒಪ್ಪುತ್ತದೆ. ಬೀಸಿ ಕಡಿಯುವ ಕತ್ತಿಗೆ 54ರಿಂದ 57. ಒಂದೇ ಸರಳನ್ನು ತುಂಡುಮಾಡಿ ಮೂರು ಕತ್ತಿಗಳನ್ನು ಬಡಿದು, ಒಂದಕ್ಕೆ 64, ಇನ್ನೊಂದಕ್ಕೆ 58, ಮತ್ತೊಂದಕ್ಕೆ 40 ಬರುವಂತೆ ಹದಗೆಡಿಸಲೂ ಹದಗೊಳಿಸಲೂ ಸಾಧ್ಯ. ಮೊದಲನೆಯದು ಒಡೆಯುವುದು, ಮೂರನೆಯದು ತಿರುಚಿಕೊಳ್ಳುವುದು. ಮೂರರ ಮೇಲೂ ಉಕ್ಕಿನ ಹೆಸರು ಒಂದೇ! ಹೆಸರನ್ನು ದಪ್ಪಕ್ಷರದಲ್ಲಿ ಕೊರೆಯುವವರು ಬಿರುಸಿನ ಅಂಕೆಯನ್ನು ಏಕೆ ಹೇಳುವುದಿಲ್ಲವೆಂದು ನಮ್ಮವರು ಒಮ್ಮೆಯಾದರೂ ಕೇಳಿದ್ದಾರೆಯೇ?

ಇನ್ನು ತುಕ್ಕುಹಿಡಿಯದ ಉಕ್ಕಿನ ಮೋಹ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬವನು 1913ರಲ್ಲಿ ಬಂದೂಕಿನ ನಳಿಗೆಯ ಸವೆತವನ್ನು ತಡೆಯುವ ಉಪಾಯವನ್ನು ಅರಸುತ್ತಿದ್ದಾಗ ಸುಮಾರು ಶೇಕಡಾ 13ರಷ್ಟು ಕ್ರೋಮಿಯಂ ಬೆರೆತ ಉಕ್ಕನ್ನು ಕಂಡುಕೊಂಡನು. ಊಟದ ಚೂರಿಗಳಿಗೆ ಇದು ತಕ್ಕುದೆಂದು ಅವನಿಗೆ ತೋರಿತು. ಆದರೆ ಆ ಊರಿನ ಚೂರಿಗಾರರು ಹಳೆಯ ಉಕ್ಕಿನ ಹದವನ್ನೇ ಹೊಸದಕ್ಕೂ ಹಾಕಿದುದರಿಂದ ಬಾಯಿ ನಿಲ್ಲಲಿಲ್ಲ. ಕೊಯ್ಯದ ಚೂರಿಯನ್ನು ಕಂಡುಹಿಡಿದವನೆಂದು ಅವನನ್ನು ಗೇಲಿಮಾಡಿದರಂತೆ. ಈ ಕಥೆಯಲ್ಲಿ ನಮಗೆ ಬೇಕಾದ ಪಾಠವೆಲ್ಲ ಇದೆ. ಇಂತಹ ಉಕ್ಕಿಗೆ 1000 ಡಿಗ್ರಿಯನ್ನು ಮೀರಿದ ಕಾವು ಬೇಕು, ಅಲ್ಲಿ ಗಡಿಯಾರ ನೋಡಿ ಹಿಡಿದಿರಬೇಕು, ಆಮೇಲೆ ಇಳಿಸಬೇಕು. ಕಾರ್ಖಾನೆಯ ಒಲೆಯಲ್ಲಿ ಅದನ್ನು ಸರಿಯಾಗಿ ಮಾಡಿದರೆ ಬಹಳ ಒಳ್ಳೆಯ ಕತ್ತಿಯಾಗುವುದು. ಮಾಡದಿದ್ದರೆ ಹೊಳೆಯುವ ತಗಡು. ಕಡಲ ಕರೆಯಲ್ಲಿ ದೋಣಿಯಲ್ಲಿ ಕೆಲಸಮಾಡುವವರಿಗೆ, ಮೀನು ಕೊಯ್ಯುವವರಿಗೆ, ನಾನೂ ತುಕ್ಕುಹಿಡಿಯದುದನ್ನೇ ಸೂಚಿಸುತ್ತೇನೆ. ಉಪ್ಪುನೀರಿನ ಮುಂದೆ ವಾದ ನಡೆಯದು. ಆದರೆ ತೋಟದಲ್ಲಿ ಗುಡ್ಡದಲ್ಲಿ ಓಡಾಡುವವರು ತುಕ್ಕಿಗೆ ಹೆದರುವುದು ಸೋಮಾರಿತನದ ಇನ್ನೊಂದು ಹೆಸರು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಕಾಸರಗೋಡು ಸೀಮೆಯಲ್ಲಿ ಅಜ್ಜಂದಿರ ಕತ್ತಿಗಳು ಎರಡು ತಲೆಮಾರು ಬಾಳಿಲ್ಲವೇ? ಕೆಲಸ ಮುಗಿದ ಮೇಲೆ ಬಟ್ಟೆಯಿಂದ ಒರಸಿ ಒಂದು ಹನಿ ತೆಂಗಿನೆಣ್ಣೆಯನ್ನು ಸವರಿದರಾಯಿತು. ಹಲಸಿನ ಮೇಣವೂ ಅದೇ ಎಣ್ಣೆಗೆ ಬಿಡುತ್ತದೆ. ಒದ್ದೆಯಾದ ತೊಗಲಿನ ಒರೆಯೊಳಗೆ ಕತ್ತಿಯನ್ನು ಮಳೆಗಾಲವಿಡೀ ಮಲಗಿಸಿಟ್ಟು ಆಮೇಲೆ ಉಕ್ಕನ್ನು ಬೈಯುವವರೂ ಇದ್ದಾರೆ.

ಹೊಸ ಉಕ್ಕುಗಳ ಮಾತು ಬೇರೆ. ಅಮೆರಿಕದಲ್ಲಿ 2001ರಲ್ಲಿ ಹೊರಬಂದ ಎಸ್30ವಿ ಎಂಬುದರಲ್ಲಿ ಇಂಗಾಲ ಶೇಕಡಾ 1.45, ಕ್ರೋಮಿಯಂ 14, ವೆನೇಡಿಯಂ 4. ಲೋಹವನ್ನು ಮೊದಲು ನುಣ್ಣನೆಯ ಪುಡಿಮಾಡಿ ಮತ್ತೆ ಒತ್ತಿ ಒಂದುಗೂಡಿಸುವ ವಿದ್ಯೆಯಿಂದ ಅದು ಹುಟ್ಟಿದುದು. ಅದರ ಬಾಯಿ ಬಹುಕಾಲ ಸವೆಯದೆ ನಿಲ್ಲುತ್ತದೆ, ಸುಳ್ಳಲ್ಲ. ಏಕೆ ನಿಲ್ಲುತ್ತದೆ? ವೆನೇಡಿಯವೂ ಇಂಗಾಲವೂ ಕೂಡಿ ಅದರೊಳಗೆ ಆಗಿರುವ ಸೂಕ್ಷ್ಮ ಕಣಗಳು ಸಾಮಾನ್ಯ ಸಾಣೆಗಲ್ಲಿನ ಹರಳಿಗಿಂತಲೂ ಗಟ್ಟಿ. ಬಾಯಿಯನ್ನು ಕಾಪಾಡುವ ಗುಣವೇ ಮಸೆಗಲ್ಲನ್ನು ಸೋಲಿಸುವ ಗುಣವೂ ಆಗಿದೆ. ನಮ್ಮ ಮನೆಗಳಲ್ಲಿ ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ಹುಡಿಯನ್ನು ಹರಡಿ ಕತ್ತಿಯನ್ನು ಮಸೆಯುವ ರೂಢಿಯುಂಟು. ಆ ಹುಡಿ 56ರ ಬಿರುಸಿನ ಉಕ್ಕನ್ನು ಹತ್ತು ನಿಮಿಷದಲ್ಲಿ ಹರಿತಗೊಳಿಸೀತು. ಎಸ್30ವಿಯ ಮುಂದೆ ಅದು ಬೆವರನ್ನಲ್ಲದೆ ಬೇರೇನನ್ನೂ ತರದು. ಅದಕ್ಕೆ ವಜ್ರದ ಪುಡಿ ಅಂಟಿಸಿದ ಹಲಗೆ ಬೇಕು. ಅದನ್ನು ಕೊಂಡು, ಕಲಿತು, ಮಸೆಯುವವರು ಕೊಳ್ಳಲಿ, ನನ್ನ ಆಕ್ಷೇಪವಿಲ್ಲ. ಆದರೆ ಸಾವಿರಾರು ರೂಪಾಯಿ ಕೊಟ್ಟು ತಂದ ಅಂತಹ ಕತ್ತಿ ಮೊದಲ ಸಲ ಮೊಂಡಾದ ದಿನವೇ ಕಪಾಟಿನ ದೇವರಾಗಿ ಕುಳಿತುದನ್ನು ನಾನು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಕಂಡಿದ್ದೇನೆ. ಮಸೆಯಲು ಬಾರದ ಉತ್ತಮ ಉಕ್ಕಿಗಿಂತ ಮಸೆಯಲು ಬರುವ ಮಧ್ಯಮ ಉಕ್ಕು ಕೆಲಸಕ್ಕೆ ಒದಗುತ್ತದೆ.

ಹೆಸರಿಗೆ ಮರುಳಾದವರು ಪೂರ್ತಿಯಾಗಿ ಮರೆತುಬಿಡುವ ವಿಷಯ ಆಕಾರ. ಕೊಯ್ಯುವುದೆಂದರೆ ಬೆಣೆಯನ್ನು ಹೊಗಿಸುವುದು. ಬೆಣೆ ತೆಳ್ಳಗಿದ್ದಷ್ಟೂ ಸುಲಭವಾಗಿ ಹೋಗುತ್ತದೆ, ದಪ್ಪವಿದ್ದಷ್ಟೂ ಪೆಟ್ಟನ್ನು ತಾಳುತ್ತದೆ. ಎರಡನ್ನೂ ಒಂದೇ ಕತ್ತಿಯಲ್ಲಿ ಬೇಡುವವನು ಎರಡನ್ನೂ ಕಳೆದುಕೊಳ್ಳುತ್ತಾನೆ. ಸ್ವೀಡನ್ ದೇಶದ ಮೋರಾ ಎಂಬ ಊರಿನ ಬಳಿ ಓಸ್ಟ್ನೋರ್ ಎಂಬ ಹಳ್ಳಿಯಿದೆ. ಅಲ್ಲಿ ಫ್ರಾಸ್ಟ್ ಎರಿಕ್ ಎರ್ಸನ್ ಎಂಬವನು 1891ರಲ್ಲಿ ಪ್ರಾರಂಭಿಸಿದ ಉದ್ಯಮದ ಸಂತತಿಯ ಕತ್ತಿಗಳು ಇಂದು ಜಗತ್ತಿನ ಎಲ್ಲೆಡೆಗೂ ಹೋಗುತ್ತವೆ. ಅವುಗಳಲ್ಲಿ ಬಹು ಪ್ರಸಿದ್ಧವಾದ ಒಂದರ ಅಲಗು ಉದ್ದ ಸುಮಾರು 10 ಸೆಂಟಿಮೀಟರು, ದಪ್ಪ 2.5 ಮಿಲಿಮೀಟರು. ಇಂಗಾಲದ ಉಕ್ಕಿನಲ್ಲಿಯೂ ಸಿಗುತ್ತದೆ, ತುಕ್ಕುಹಿಡಿಯದುದರಲ್ಲಿಯೂ ಸಿಗುತ್ತದೆ. ಎರಡಕ್ಕೂ ಹದ ಸರಿಯಾಗಿದೆ. ಬೆಲೆಯೋ, ಹೆಸರುವಾಸಿ ಕತ್ತಿಗಳಲ್ಲಿ ಅತ್ಯಂತ ಅಗ್ಗದವುಗಳಲ್ಲೊಂದು. ಬಡಗಿಗಳು, ತಂತಿಕೆಲಸದವರು, ಸಿಪಾಯಿಗಳು, ಶಾಲೆಯ ಮಕ್ಕಳು ಎಲ್ಲರೂ ಅದನ್ನು ಹಿಡಿಯುತ್ತಾರೆ. ನಮ್ಮ ಮಿತ್ರರ ಆರು ಮಿಲಿಮೀಟರಿನ ವೀರಖಡ್ಗವನ್ನು ಇದರ ಪಕ್ಕದಲ್ಲಿಟ್ಟರೆ ಇದು ಆಟಿಕೆಯಂತೆ ಕಾಣುತ್ತದೆ. ಮರವನ್ನು ಕೆತ್ತಿದಾಗ ಆಟಿಕೆ ಯಾವುದೆಂದು ತಿಳಿಯುತ್ತದೆ.

ಉಪಾಧ್ಯಾಯರು ಓದುವ ಈ ಪತ್ರಿಕೆಯಲ್ಲಿ ಅದೇ ದೇಶದ ಇನ್ನೊಂದು ಮಾತನ್ನು ಹೇಳದೆ ಮುಂದುವರಿಯಲಾರೆ. ಆಟೊ ಸಾಲೊಮನ್ ಎಂಬ ಶಿಕ್ಷಣವೇತ್ತ 1870ರ ದಶಕದಲ್ಲಿ ನೇಸ್ ಎಂಬಲ್ಲಿ ಉಪಾಧ್ಯಾಯರಿಗೆ ಕೈಕೆಲಸವನ್ನು ಕಲಿಸುವ ಶಾಲೆಯನ್ನು ಕಟ್ಟಿದನು. ಸ್ಲಾಯ್ಡ್ ಎಂದು ಹೆಸರಾದ ಆ ಪದ್ಧತಿಯಲ್ಲಿ ಮಗುವಿನ ಕೈಗೆ ಮೊದಲು ಬರುವ ಆಯುಧ ಕತ್ತಿ. ಗರಗಸ, ಉಳಿ, ತೋಪಡ ಎಲ್ಲ ಆಮೇಲೆ. ಅಲಗಿನ ಕೋನ, ಮರದ ಎಳೆಯ ದಿಕ್ಕು, ಕೈಯ ಒತ್ತಡ, ಈ ಮೂರನ್ನೂ ಒಟ್ಟಿಗೆ ಕಲಿಸುವ ಗುರು ಕತ್ತಿಯಂತೆ ಬೇರೆ ಇಲ್ಲವೆಂಬುದು ಅದರ ಹಿಂದಿನ ಯೋಚನೆ. ಅಲ್ಲಿ ಯಾವ ಮಗುವೂ ಉಕ್ಕಿನ ನಂಬರನ್ನು ಬಾಯಿಪಾಠ ಮಾಡಬೇಕಾಗಿರಲಿಲ್ಲ.

ಆಕಾರದ ವಿಷಯದಲ್ಲಿ ಸ್ವೀಡನ್ನಿಗೆ ಹೋಗಬೇಕಾದ ಅಗತ್ಯವೂ ಇಲ್ಲ. ಕೊಡಗಿನ ಒಡಿಕತ್ತಿಯನ್ನು ನೋಡಿ: ಅಲಗು ಬಾಗಿದೆ, ಮುಂದಕ್ಕೆ ಹೋದಂತೆ ಅಗಲವಾಗಿದೆ. ಭಾರವೆಲ್ಲ ತುದಿಯ ಕಡೆಗಿರುವುದರಿಂದ ಬೀಸಿದಾಗ ಅದೇ ಕಡಿಯುತ್ತದೆ, ತೋಳು ದಣಿಯುವುದಿಲ್ಲ. ಅದರ ಜತೆಗೆ ಮುಂಬದಿಯಲ್ಲಿ ಸಿಕ್ಕಿಸಿಕೊಳ್ಳುವ ಸಣ್ಣ ಪೀಚೆಕತ್ತಿ ಬೇರೆ. ಕಡಿಯುವುದಕ್ಕೆ ಒಂದು, ಕೊಯ್ಯುವುದಕ್ಕೆ ಒಂದು! ನಮ್ಮ ತೋಟದವರು ಸೊಂಟದ ಹಿಂಬದಿಯ ಮರದ ಕೊಕ್ಕೆಗೆ ಸಿಕ್ಕಿಸಿಕೊಳ್ಳುವ ಬಾಗಿದ ಕತ್ತಿಯೂ ಬೆನ್ನಿನಲ್ಲಿ ದಪ್ಪವಿದ್ದು ಬಾಯಿಯ ಕಡೆಗೆ ಕ್ರಮವಾಗಿ ತೆಳುವಾಗುತ್ತ ಬರುವುದು. ಅಂಗಡಿಯ ಕತ್ತಿಗಳಲ್ಲಿ ಅನೇಕವು ಕೆಳಗಿನವರೆಗೂ ಹಲಗೆಯಂತೆ ದಪ್ಪವಾಗಿಯೇ ಬಂದು ಕೊನೆಯ ಎರಡು ಮಿಲಿಮೀಟರಿನಲ್ಲಿ ಥಟ್ಟನೆ ಚೂಪಾಗುತ್ತವೆ. ಅವುಗಳಿಗೆ ಎಷ್ಟು ಒಳ್ಳೆಯ ಉಕ್ಕನ್ನು ಹಾಕಿದರೂ ವ್ಯರ್ಥ. ಬಾಯಿಯ ಕೋನವು ಪ್ರತಿಯೊಂದು ಮಗ್ಗುಲಿಗೂ ಅಡುಗೆಯ ಚೂರಿಗೆ 15 ಡಿಗ್ರಿ, ಕಾಡಿನ ಸಣ್ಣ ಕತ್ತಿಗೆ 20ರ ಸುಮಾರು, ಬೀಸಿ ಕಡಿಯುವುದಕ್ಕೆ 25 ಇದ್ದರೆ ಸಾಮಾನ್ಯವಾಗಿ ಸಾಕು.

ಇಲ್ಲಿಯವರೆಗೆ ವಿದೇಶದ ಹೆಸರುಗಳಿಗೆ ಮರುಳಾದವರೊಡನೆ ಜಗಳವಾಡಿದೆ. ಇನ್ನೊಂದು ಪಕ್ಷದವರೂ ಇದ್ದಾರೆ. ಇಷ್ಟು ಹೊತ್ತೂ ತಲೆದೂಗಿದ ಅವರನ್ನೂ ಬಿಡುವಂತಿಲ್ಲ. "ಉಕ್ಕು ಎಂಬುದೇ ನಮ್ಮ ಮಾತು, ಜಗತ್ತಿಗೆ ಉಕ್ಕನ್ನು ಕಲಿಸಿದವರು ನಾವು" ಎಂದು ವೇದಿಕೆಗಳಲ್ಲಿ ಮೇಜು ಕುಟ್ಟುವವರು ಇವರು. ಮಾತಿನ ಅರ್ಧ ನಿಜ. ಮುಂಬಯಿಯಿಂದ ಡಾಕ್ಟರ್ ಹೆಲೆನಸ್ ಸ್ಕಾಟ್ ಕಳುಹಿಸಿದ ಗಟ್ಟಿಗಳನ್ನು ಪರೀಕ್ಷಿಸಿ ಜಾರ್ಜ್ ಪಿಯರ್ಸನ್ ಎಂಬವನು 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಒಪ್ಪಿಸಿದ ಪ್ರಬಂಧದಲ್ಲಿ ಈ ಉಕ್ಕನ್ನು 'ವೂಟ್ಸ್' ಎಂದು ಕರೆದನು. ಅದು 'ಉಕ್ಕು' ಎಂಬ ಕನ್ನಡ ಶಬ್ದದ ಬರವಣಿಗೆಯಲ್ಲಿ ಆದ ಅಪಪಾಠವಿರಬೇಕೆಂದು 1886ರ 'ಹಾಬ್ಸನ್ ಜಾಬ್ಸನ್' ಕೋಶ ಊಹಿಸಿದೆ. ತೆಲುಗಿನಲ್ಲಿಯೂ ಅದೇ ಮಾತು. ಆದುದರಿಂದ ಇದನ್ನು ನಮ್ಮದು ಮಾತ್ರವೆಂದು ಬೀಗುವುದು ತರವಲ್ಲ. ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದಾಗ ಕಬ್ಬಿಣದ ತುಂಡುಗಳನ್ನು ತಂಗಡಿಯ ಕಡ್ಡಿಯೊಡನೆ ಮಣ್ಣಿನ ಮೂಸೆಯಲ್ಲಿ ಮುಚ್ಚಿ ಕಾಯಿಸಿ ಉಕ್ಕು ಮಾಡುವುದನ್ನು ವರ್ಣಿಸಿದ್ದಾನೆ. ತೆಲಂಗಾಣದ ಕೋನಸಮುದ್ರಂ ಎಂಬಲ್ಲಿಗೆ ಪಾರಸಿಕ ವ್ಯಾಪಾರಿಗಳು ಬಂದು ಇಂತಹ ಉಕ್ಕನ್ನು ಕೊಂಡೊಯ್ಯುತ್ತಿದ್ದರು. ಮೈಕೆಲ್ ಫ್ಯಾರಡೆಯಂತಹ ಮಹಾವಿಜ್ಞಾನಿಯೂ ಜೇಮ್ಸ್ ಸ್ಟೊಡಾರ್ಟ್ ಎಂಬ ಚೂರಿಗಾರನ ಜತೆಗೂಡಿ ಇದರ ಗುಟ್ಟನ್ನು ಬಿಡಿಸಲು ತೊಡಗಿದನು. 1820ರಲ್ಲಿ ಅವರ ಬರಹ ಪ್ರಕಟವಾಯಿತು.

ಇದೆಲ್ಲ ಸರಿ. ಆದರೆ ಆ ಉಕ್ಕಿನ ಅಲಗಿನ ಮೇಲೆ ನೀರಿನ ಅಲೆಯಂತಹ ರೇಖೆಗಳು ಹೇಗೆ ಮೂಡಿದವೆಂಬುದನ್ನು ವಿವರಿಸಿ ಮಾಡಿಯೂ ತೋರಿಸಿದವರು ಯಾರು? ಅಮೆರಿಕದ ಅಯೊವಾದ ಪ್ರಾಧ್ಯಾಪಕ ಜಾನ್ ವೆರ್ಹೂವನ್ ಮತ್ತು ಫ್ಲಾರಿಡಾದ ಕಮ್ಮಾರ ಆಲ್ಫ್ರೆಡ್ ಪೆಂಡ್ರೆ. ಅದಿರಿನಲ್ಲಿದ್ದ ಅತ್ಯಲ್ಪ ವೆನೇಡಿಯಂ ಮುಂತಾದ ಕಲ್ಮಷಗಳು ಇಂಗಾಲದ ಕಣಗಳನ್ನು ಸಾಲುಗಟ್ಟಿಸುತ್ತವೆಂದು ಅವರು ಸಹೋದ್ಯೋಗಿಗಳೊಡನೆ 1998ರಲ್ಲಿ ಬರೆದರು. ಪ್ರಾಧ್ಯಾಪಕನು ಕಮ್ಮಾರನ ಪಕ್ಕದಲ್ಲಿ ನಿಂತು ಇಬ್ಬರ ಹೆಸರಿನಲ್ಲಿಯೂ ಪ್ರಬಂಧವನ್ನು ಪ್ರಕಟಿಸಿದನೆಂಬುದನ್ನು ನಮ್ಮ ಮೇಜು ಕುಟ್ಟುವವರು ಗಮನಿಸಬೇಕು. ಇವರಲ್ಲಿ ಎಷ್ಟು ಮಂದಿ ತಮ್ಮ ಪೇಟೆಯ ಕುಲುಮೆಯೊಳಗೆ ಕಾಲಿಟ್ಟಿದ್ದಾರೆ? ಇವರ ಗರ್ವವನ್ನು ಬಂಡವಾಳ ಮಾಡಿಕೊಂಡು ಅಂಗಡಿಗಳು 'ಡಮಾಸ್ಕಸ್' ಎಂಬ ರೇಖೆ ರೇಖೆಯ ಕತ್ತಿಗಳನ್ನು ಮಾರುತ್ತಿವೆ. ಅವುಗಳಲ್ಲಿ ಹೆಚ್ಚಿನವು ಎರಡು ಬಗೆಯ ಉಕ್ಕನ್ನು ಪದರಪದರವಾಗಿ ಬೆಸೆದು ಆಮ್ಲದಲ್ಲಿ ಅದ್ದಿ ತೆಗೆದವು; ಮೂಸೆಯ ಉಕ್ಕಿಗೂ ಅವಕ್ಕೂ ಸಂಬಂಧವಿಲ್ಲ. ಚೆನ್ನಾಗಿ ಬೆಸೆದು ಹದಮಾಡಿದರೆ ಒಳ್ಳೆಯ ಕತ್ತಿಯೇ. ಆದರೆ ರೇಖೆಯೊಂದರಿಂದಲೇ ಬಾಯಿ ಹರಿತವಾಗುವುದಿಲ್ಲ. ಸೀರೆಯ ಅಂಚನ್ನು ನೋಡಿ ನೂಲಿನ ಗಟ್ಟಿಯನ್ನು ನಿರ್ಣಯಿಸಿದಂತೆ ಅದು.

ನಾನು ಬಾಲಕನಾಗಿದ್ದಾಗ ನಮ್ಮ ಪೇಟೆಯಲ್ಲಿ ಮೂರು ಕುಲುಮೆಗಳಿದ್ದವು. ಈಗ ಇರುವುದು ಒಂದು. ಅದರ ಆಚಾರಿಯ ಬಳಿ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಗಳು ರಾಶಿಬಿದ್ದಿವೆ. ಇಂತಹ ಪಟ್ಟಿಗಳಲ್ಲಿ ಇಂಗಾಲವು ಸಾಮಾನ್ಯವಾಗಿ ಶೇಕಡಾ 0.5ರಿಂದ 0.65ರವರೆಗೆ ಇರುತ್ತದೆ, ಜತೆಗೆ ಸಿಲಿಕಾನ್, ಮ್ಯಾಂಗನೀಸ್ ಅಥವಾ ಸ್ವಲ್ಪ ಕ್ರೋಮಿಯಂ. ಲಾರಿಯ ಭಾರಕ್ಕೆ ಲಕ್ಷಾಂತರ ಬಾರಿ ಬಾಗಿ ಮರಳಿ ನೆಟ್ಟಗಾಗುವುದಕ್ಕೆಂದೇ ಮಾಡಿದ ಉಕ್ಕು ಅದು. ಬೀಸಿ ಕಡಿಯುವ ಕತ್ತಿಗೆ ಇದಕ್ಕಿಂತ ತಕ್ಕುದನ್ನು ಅರಸಿಕೊಂಡು ಹೋಗಬೇಕಾಗಿಲ್ಲ. ಈ ಆಚಾರಿಯ ಹತ್ತಿರ ನೂರು ರೂಪಾಯಿಗಾಗಿ ಅರ್ಧ ಗಂಟೆ ಚೌಕಾಶಿ ಮಾಡುವ ಮಹನೀಯರೇ ಅಂಚೆಯಲ್ಲಿ ಬರುವ 440ಕ್ಕೆ ಕೇಳಿದಷ್ಟನ್ನು ತೆತ್ತು ಸುಮ್ಮನಿರುತ್ತಾರೆ. ಕುಲುಮೆ ಆರಿದ ದಿನ ಇದೇ ಮಹನೀಯರು ಉಕ್ಕಿನ ಪರಂಪರೆ ನಶಿಸಿತೆಂದು ಲೇಖನ ಬರೆಯುವರು. ಹದದ ಬಣ್ಣವನ್ನು ಕಣ್ಣಿನಿಂದ ಓದುವ ವಿದ್ಯೆ ಲೇಖನದಲ್ಲಿ ಉಳಿಯುವುದಿಲ್ಲ. ಅದು ಒಬ್ಬನ ಕಣ್ಣಿನಿಂದ ಪಕ್ಕದಲ್ಲಿ ನಿಂತ ಹುಡುಗನ ಕಣ್ಣಿಗೆ ಹೋಗಬೇಕು. ನಮ್ಮ ಆಚಾರಿಯ ಪಕ್ಕದಲ್ಲಿ ಈಗ ಯಾವ ಹುಡುಗನೂ ಇಲ್ಲ. ಹತ್ತನೆಯ ತರಗತಿಯ ಪಾಠದಲ್ಲಿ ಲೋಹಗಳ ಅಧ್ಯಾಯ ಬಂದಾಗ ಮಕ್ಕಳನ್ನು ಒಂದು ಮಧ್ಯಾಹ್ನ ಅಲ್ಲಿಗೆ ಕರೆದೊಯ್ಯುವುದಕ್ಕೆ ಯಾವ ಸರಕಾರದ ಆಜ್ಞೆ ಬೇಕು?

"ಆಚಾರಿಯ ಕತ್ತಿಗೆ ಖಾತರಿಯೇನು? ಅವನದೂ ಎಷ್ಟೋ ಸಲ ಒಡೆಯುವುದಿಲ್ಲವೇ?" ಎಂಬ ಪ್ರಶ್ನೆ ಬರುತ್ತದೆ. ಒಡೆಯುತ್ತದೆ. ಹಳೆಯ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರಬಹುದು. ತರಾತುರಿಯಲ್ಲಿ ಹೆಚ್ಚು ಕಾಯಿಸಿದರೆ ಉಕ್ಕಿನ ಕಾಳು ದಪ್ಪವಾಗುತ್ತದೆ. ವಿದ್ಯುತ್ ಸಾಣೆಯ ಮೇಲೆ ಬಾಯಿಯನ್ನು ನೀಲಿಯಾಗುವವರೆಗೆ ಒತ್ತಿಹಿಡಿದರೆ ಹಾಕಿದ ಹದವೆಲ್ಲ ಅಲ್ಲಿಗೆ ಮುಗಿಯಿತು. ಇದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಇವೆಲ್ಲಕ್ಕೂ ಪರೀಕ್ಷೆಗಳಿವೆ, ಮತ್ತು ಅವನ್ನು ಮಾಡಿನೋಡುವುದಕ್ಕೆ ಆಚಾರಿ ನಮ್ಮೆದುರಿನಲ್ಲಿಯೇ ಇದ್ದಾನೆ. ಕತ್ತಿ ಮಾಡಲಿರುವ ಪಟ್ಟಿಯಿಂದ ಬೆರಳುದ್ದದ ಒಂದು ಚೂರನ್ನು ಕತ್ತರಿಸಿ ಅದೇ ಬೆಂಕಿಯಲ್ಲಿ ಕಾಯಿಸಿ ಎಣ್ಣೆಯಲ್ಲಿ ಅದ್ದಿ ತಣಿದ ಮೇಲೆ, ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಮುರಿಯುವಂತೆ ಹೇಳಿ. ಮುರಿದ ಮುಖ ಬೂದಿಯಂತೆ ನುಣ್ಣಗಿದ್ದರೆ ಕಾವು ಸರಿ. ಸಕ್ಕರೆಯ ಹರಳಿನಂತೆ ಮಿನುಗಿದರೆ ಕಾವು ಮಿತಿಮೀರಿದೆ. ಅಲಗನ್ನು ಅದ್ದಿ ತೆಗೆದೊಡನೆ ಬಾಯಿಯ ಮೇಲೆ ಅರವನ್ನು ಎಳೆದು ನೋಡಿ: ಜಾರಿದರೆ ಬಿರುಸು ಹಿಡಿದಿದೆ, ಕಚ್ಚಿದರೆ ಹಿಡಿದಿಲ್ಲ. ಹಿಡಿ ಹಾಕುವ ಮೊದಲು ಅಲಗಿನ ಬಾಲ ಎಷ್ಟು ಉದ್ದವಿದೆಯೆಂದು ನೋಡಿ. ಅದು ಹಿಡಿಯ ಆಚೆಯ ತುದಿಗೆ ಬಂದು ಅಲ್ಲಿ ಬಡಿದು ಮಡಚಿರಬೇಕು, ಇಲ್ಲವೇ ಹಿಡಿಯಷ್ಟೇ ಅಗಲವಾಗಿದ್ದು ಎರಡು ಮೂರು ಕಡೆ ಗುಬ್ಬಿಯಿಂದ ಬಿಗಿದಿರಬೇಕು.

ಕೊನೆಯ ಪರೀಕ್ಷೆಯನ್ನು ಕತ್ತಿ ಮನೆಗೆ ಬಂದ ಮೇಲೆ ಮಾಡಬಹುದು. ಪೆನ್ಸಿಲಿನಷ್ಟು ದಪ್ಪದ ಹಿತ್ತಾಳೆಯ ಸರಳನ್ನು ಮೇಜಿನ ಮೇಲೆ ಬಿಗಿದು, ಬಾಯಿಯನ್ನು ಮಸೆಯುವ ಓರೆಯಲ್ಲಿಯೇ ಅದರ ಮೇಲಿಟ್ಟು ಹದವಾಗಿ ಒತ್ತಿ ಎಳೆಯಬೇಕು. ಅಂಚು ಕೂದಲೆಳೆಯಷ್ಟು ಬಾಗುವುದು ಬೆಳಕಿನಲ್ಲಿ ಕಾಣುತ್ತದೆ. ಕೈ ತೆಗೆದಾಗ ಅದು ಮರಳಿ ನೆಟ್ಟಗಾದರೆ ಹದ ಕೂಡಿದೆ. ಚಕ್ಕೆ ಹಾರಿದರೆ ಪೆಡಸು ಉಳಿದಿದೆ. ಆಚಾರಿಯ ಬಳಿಗೆ ಕೊಂಡೊಯ್ದರೆ ಇನ್ನೊಮ್ಮೆ ಹುಲ್ಲಿನ ಬಣ್ಣಕ್ಕಿಂತ ತುಸು ಆಚೆಗೆ ಕಾಯಿಸಿಕೊಡುವನು. ಬಾಗಿದುದು ಬಾಗಿಯೇ ಉಳಿದರೆ ಮೆತ್ತಗಾಗಿದೆ. ಅದನ್ನು ಮತ್ತೆ ಕೆಂಪಗೆ ಕಾಯಿಸಿ ಮೊದಲಿನಿಂದ ಹದಮಾಡಬೇಕು, ಅದಕ್ಕೆ ಒಂದು ಗಂಟೆ ಕಾಯಬೇಕಾದೀತು. ಕಾಯುವಾಗ ತಿದಿಯನ್ನು ಒತ್ತಲು ಒಬ್ಬ ವಿದ್ಯಾರ್ಥಿಯನ್ನು ಜತೆಗೆ ಕರೆದುಕೊಂಡು ಹೋಗಿ.